ಸೃಷ್ಟಿಕರ್ತನ ಆಯ್ಕೆ ಮತ್ತು ಮಿತಿ: ಕರ್ನಾಟಕದ ಚಿಂತನೆಯಲ್ಲಿ

ಜಗತ್ತಿಗೆ ಒಬ್ಬ ಕರ್ತೃ ಇದ್ದಾನೆಂದು ಒಪ್ಪಿದ ಮರುಗಳಿಗೆಯಲ್ಲೇ ಇನ್ನೊಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ಅವನು ತನಗೆ ತೋಚಿದ್ದನ್ನೆಲ್ಲ ಮಾಡಬಲ್ಲನೇ, ಇಲ್ಲವೇ ಅವನ ಕೈಯನ್ನೂ ಕಟ್ಟಿಹಾಕುವ ಸಂಗತಿಗಳುಂಟೇ? ಹಸಿವಿಲ್ಲದ, ನೋವಿಲ್ಲದ ಜಗತ್ತೊಂದನ್ನು ಮಾಡುವ ಅವಕಾಶ ಅವನಿಗಿತ್ತೇ? ಇದ್ದೂ ಮಾಡಲಿಲ್ಲವೆಂದರೆ ಅವನ ಕರುಣೆಯ ಬಗ್ಗೆ, ಇರಲಿಲ್ಲವೆಂದರೆ ಅವನ ಶಕ್ತಿಯ ಬಗ್ಗೆ ಏನು ಹೇಳಬೇಕು? ದರ್ಶನಶಾಸ್ತ್ರದಲ್ಲಿ ಇದಕ್ಕೆ ಈಶ್ವರಕರ್ತೃತ್ವದ ಚರ್ಚೆ ಎಂದು ಹೆಸರು. ಕರ್ನಾಟಕಕ್ಕೆ ಇದು ಹೊರಗಿನಿಂದ ತಂದುಕೊಂಡ ವಿಷಯವಲ್ಲ. ಕರ್ತೃವೇ ಇಲ್ಲವೆಂದು ವಾದಿಸಿದ ಜಿನಸೇನಾಚಾರ್ಯರು ಮಾನ್ಯಖೇಟದ ರಾಷ್ಟ್ರಕೂಟರ ಕಾಲದವರು. ಕರ್ತೃವಿನ ಸ್ವಾತಂತ್ರ್ಯವನ್ನು ಎಲ್ಲರಿಗಿಂತ ಎತ್ತರಕ್ಕೇರಿಸಿದ ಮಧ್ವಾಚಾರ್ಯರು ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದವರು. ಕರ್ತೃವನ್ನೇ ದುಡಿಮೆಯೊಳಗೆ ತಂದು ನಿಲ್ಲಿಸಿದ ಶರಣರು ಕಲ್ಯಾಣದವರು. ಈ ಲೇಖನದ ವಾದ ಇಷ್ಟು: ಕರ್ತೃವನ್ನು ಉಳಿಸಿಕೊಂಡ ಪ್ರತಿಯೊಂದು ಮತವೂ ಅವನಿಗೆ ಒಂದಲ್ಲ ಒಂದು ಮಿತಿಯನ್ನು ಒಪ್ಪಲೇಬೇಕಾಯಿತು. ಅದನ್ನು ಆ ಮತಗಳ ಸೋಲೆಂದು ಎಣಿಸಬೇಕಾಗಿಲ್ಲ, ಏಕೆಂದರೆ ಮಿತಿಯಿಲ್ಲದ ಕಡೆ ಆಯ್ಕೆ ಎಂಬ ಮಾತಿಗೆ ಅರ್ಥವೇ ಹುಟ್ಟುವುದಿಲ್ಲ. ಆ ಮಿತಿ ಎಂಥದು, ಅದರ ಭಾರವನ್ನು ಹೊರುವವರು ಯಾರು ಎಂಬಲ್ಲಿ ನಿಜವಾದ ವಿವಾದವಿದೆ.

ಆಯ್ಕೆಗೂ ಮಿತಿಗೂ ಇರುವ ನಂಟನ್ನು ಕಣ್ಣಾರೆ ನೋಡಲು ಬೆಂಗಳೂರಿನ ಪೂರ್ವಭಾಗದ ಹೊಸ ತಿಪ್ಪಸಂದ್ರದ ಸುತ್ತಮುತ್ತಲು ಒಳ್ಳೆಯ ಜಾಗ. ಎಚ್‌ಎಎಲ್ 3ನೇ ಹಂತವೆಂದೂ ಕರೆಸಿಕೊಳ್ಳುವ ಈ ಬಡಾವಣೆಯ ಆಸುಪಾಸಿನಲ್ಲೇ 1940ರಲ್ಲಿ ಆರಂಭವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಸಿ.ವಿ. ರಾಮನ್ ನಗರದ ರಕ್ಷಣಾ ಸಂಶೋಧನಾಲಯಗಳು, ವಿಮಾನಪುರದ ಇಸ್ರೊ ಉಪಗ್ರಹ ಕೇಂದ್ರ ಇವೆ. ಇಲ್ಲಿ ವಿನ್ಯಾಸಕಾರರು ದಿನವೂ ಎದುರಿಸುವ ಪ್ರಶ್ನೆ ಒಂದೇ: ಇದು ಬೇಕೆಂದರೆ ಯಾವುದನ್ನು ಬಿಡಬೇಕು? 2013ರ ನವೆಂಬರ್ 5ರಂದು ಹೊರಟ ಮಂಗಳಯಾನದ ತೂಕ 1,337 ಕಿಲೋ. ಅದರಲ್ಲಿ 852 ಕಿಲೋ ಇಂಧನಕ್ಕೇ ಹೋಯಿತು. ಐದು ವೈಜ್ಞಾನಿಕ ಉಪಕರಣಗಳಿಗೆ ದಕ್ಕಿದ್ದು ಸುಮಾರು 15 ಕಿಲೋ. ನೌಕೆಯನ್ನು ಹೊತ್ತ ಪಿಎಸ್‌ಎಲ್‌ವಿ ರಾಕೆಟ್ಟಿಗೆ ಅದನ್ನು ನೇರವಾಗಿ ಮಂಗಳದತ್ತ ಎಸೆಯುವ ಬಲವಿರಲಿಲ್ಲ. ಹಾಗಾಗಿ ಭೂಮಿಯ ಸುತ್ತಲೇ ಸುತ್ತಿಸಿ, ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿ, ಡಿಸೆಂಬರ್ 1ರಂದು ಬೀಳ್ಕೊಡಬೇಕಾಯಿತು. ಮಂಗಳವನ್ನು ಮುಟ್ಟಿದ ಮೇಲೂ ಹತ್ತಿರದ ದುಂಡು ಕಕ್ಷೆಗೆ ಇಳಿಯುವಷ್ಟು ಇಂಧನವಿರದ ಕಾರಣ ನೌಕೆ ನಾನೂರು ಚಿಲ್ಲರೆ ಕಿಲೋಮೀಟರಿನಿಂದ ಸುಮಾರು 77,000 ಕಿಲೋಮೀಟರಿನವರೆಗೆ ಚಾಚಿದ ಉದ್ದ ಕಕ್ಷೆಯಲ್ಲೇ ಉಳಿಯಿತು. ಆ ದೂರದಿಂದಲೇ ಮಂಗಳದ ಇಡೀ ಬಿಂಬ ಒಂದೇ ಚಿತ್ರದಲ್ಲಿ ಸಿಕ್ಕಿತು. ಕೊರತೆಯೇ ಆ ಚಿತ್ರಕ್ಕೆ ದಾರಿಯಾಯಿತು. 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನದ್ದೂ ಇಂಥದೇ ಕಥೆ. ಚುರುಕಾಗಿ ತಿರುಗಬೇಕೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ. ಗಣಕಯಂತ್ರ ಕ್ಷಣಕ್ಷಣಕ್ಕೂ ತಿದ್ದುತ್ತಿರದಿದ್ದರೆ ಅದು ಗಾಳಿಯಲ್ಲಿ ನಿಲ್ಲದು. ಸ್ಥಿರತೆ, ಚುರುಕು ಎರಡನ್ನೂ ಪೂರ್ತಿಯಾಗಿ ಕೊಡುವ ರೆಕ್ಕೆಯನ್ನು ಯಾರೂ ಮಾಡಿಲ್ಲ.

ಕುಶಲಕರ್ಮಿಯನ್ನು ನೋಡಿ ಜಗತ್ಕರ್ತನನ್ನು ಊಹಿಸುವ ಪದ್ಧತಿ ಬಹಳ ಹಳೆಯದು. ಮಡಕೆ ಇದ್ದರೆ ಕುಂಬಾರನಿರಬೇಕು. ಜಗತ್ತೂ ಮಡಕೆಯಂತೆ ಒಂದು ಕಾರ್ಯ, ಆದ್ದರಿಂದ ಅದಕ್ಕೂ ಕರ್ತೃವಿರಬೇಕು ಎಂಬುದು ನೈಯಾಯಿಕರ ವಾದ. ಇದರ ಮೇಲೆ ಅತ್ಯಂತ ಕಟುವಾದ ಪ್ರಹಾರ ನಡೆದದ್ದು ಕನ್ನಡ ನೆಲದಲ್ಲಿ. ಅಮೋಘವರ್ಷ ನೃಪತುಂಗನ ಗುರುವೆನಿಸಿದ್ದ ಜಿನಸೇನರು 9ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಕರ್ತೃವಾದಿಯನ್ನು ಒಂದೊಂದೇ ಬಾಗಿಲಿನಿಂದ ಹೊರಹಾಕುತ್ತಾರೆ. ಜಗತ್ತಿಲ್ಲದಾಗ ಕರ್ತೃ ಎಲ್ಲಿ ನಿಂತಿದ್ದ? ಶರೀರವಿಲ್ಲದವನು ಜಡವಸ್ತುವನ್ನು ಹೇಗೆ ಮಾಡಿದ? ಮಾಡಲು ಬೇಕಾದ ಸಾಮಗ್ರಿಯನ್ನೂ ಅವನೇ ಮಾಡಿದನೆಂದರೆ ಆ ಸಾಮಗ್ರಿಗೆ ಇನ್ನೊಂದು ಸಾಮಗ್ರಿ ಬೇಕು. ಸಾಮಗ್ರಿ ತಾನಾಗಿಯೇ ಇತ್ತೆಂದರೆ ಜಗತ್ತೂ ತಾನಾಗಿಯೇ ಇದೆಯೆನ್ನಲು ಅಡ್ಡಿಯೇನು? ಕೃತಕೃತ್ಯನಾದವನಿಗೆ ಸೃಷ್ಟಿಸುವ ಬಯಕೆ ಏಕೆ ಬರಬೇಕು? ಕರುಣೆಯಿಂದ ಮಾಡಿದನೆಂದರೆ ಎಲ್ಲರನ್ನೂ ಸುಖಿಗಳಾಗಿಯೇ ಮಾಡಬೇಕಿತ್ತು. ಜೀವಿಗಳ ಕರ್ಮಕ್ಕನುಸಾರ ಮಾಡಿದನೆಂದರೆ ಒಡೆತನ ಕರ್ಮದ್ದಾಯಿತು. ಮಿತಿಯನ್ನು ಒಪ್ಪಿದರೆ ಕರ್ತೃ ಅನಗತ್ಯ, ಒಪ್ಪದಿದ್ದರೆ ಅವನು ನಿರ್ದಯಿ ಎಂಬ ಇಕ್ಕಳ ಇಲ್ಲಿಂದ ಆಚೆಗೆ ಯಾರನ್ನೂ ಬಿಡಲಿಲ್ಲ. ಇದೇ ಜೈನ ಪರಂಪರೆ 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನ ಮೂಲಕ ಶ್ರವಣಬೆಳಗೊಳದ ಗೊಮ್ಮಟನನ್ನು ಕೊಟ್ಟಿತು. ಸುಮಾರು 58 ಅಡಿಯ ಆ ಮೂರ್ತಿಯನ್ನು ಕಡೆದವರು ಬೆಟ್ಟದ ಬಂಡೆಯನ್ನು ಸೃಷ್ಟಿಸಲಿಲ್ಲ, ಇದ್ದ ಬಂಡೆಯಲ್ಲಿ ಬೇಡದ್ದನ್ನು ತೆಗೆದರು. ತೆಗೆದದ್ದನ್ನು ಮತ್ತೆ ಅಂಟಿಸುವಂತಿರಲಿಲ್ಲ. ತೊಡೆಯವರೆಗಿನ ಕಲ್ಲನ್ನು ಹುತ್ತವಾಗಿ ಉಳಿಸಿದ್ದರಿಂದ ತಪಸ್ಸಿನ ಅರ್ಥವೂ ಬಂತು, ಮೇಲಿನ ಭಾರಕ್ಕೆ ಆಸರೆಯೂ ಆಯಿತು. ಶಿಲ್ಪಿಯ ಹಿರಿಮೆಯೆಲ್ಲ ಬಂಡೆಗೆ ಬಗ್ಗಿ ನಡೆದದ್ದರಲ್ಲಿದೆ. ಬಂಡೆಯೂ ತನ್ನದೇ ಆದ ಕರ್ತೃವಿಗೆ ಈ ಬಗೆಯ ಹಿರಿಮೆ ಹೇಗೆ ಸಲ್ಲುತ್ತದೆ ಎಂಬುದೇ ಜಿನಸೇನರ ಪ್ರಶ್ನೆಯ ತಿರುಳು.

ವೇದಾಂತಿಗಳಿಗೆ ಈ ಇಕ್ಕಳದ ಅರಿವಿತ್ತು. ಬಾದರಾಯಣನ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಎರಡು ಆಕ್ಷೇಪಗಳು ಪಕ್ಕಪಕ್ಕದಲ್ಲೇ ಬರುತ್ತವೆ. ಪೂರ್ಣನಾದವನಿಗೆ ಸೃಷ್ಟಿಯಿಂದ ಏನಾಗಬೇಕು ಎಂಬುದು ಮೊದಲನೆಯದು. ಅದಕ್ಕೆ ಕೊಟ್ಟ ಉತ್ತರ ಲೀಲೆ; ಎಲ್ಲ ಉಳ್ಳ ಅರಸ ಕ್ರೀಡೆಯಲ್ಲಿ ತೊಡಗುವಂತೆ, ಅಥವಾ ಯಾವ ಉದ್ದೇಶವೂ ಇಲ್ಲದೆ ಉಸಿರಾಡುವಂತೆ ಎಂದು ಶಂಕರರು ವಿವರಿಸುತ್ತಾರೆ. ಲೋಕದ ಏರುಪೇರಿಗೆ, ಕ್ರೌರ್ಯಕ್ಕೆ ದೇವರು ಹೊಣೆಯಲ್ಲವೇ ಎಂಬುದು ಎರಡನೆಯದು. ಇದಕ್ಕೆ ವೈಷಮ್ಯ–ನೈರ್ಘೃಣ್ಯದ ಆಕ್ಷೇಪವೆಂದು ಹೆಸರು. ಶಂಕರರ ಸಮಾಧಾನ ಹೊಲದಿಂದ ಬಂದದ್ದು: ಮಳೆ ಎಲ್ಲ ಬೆಳೆಗೂ ಸಮಾನ ಕಾರಣ, ಭತ್ತ ಭತ್ತವಾಗುವುದಕ್ಕೂ ಜವೆ ಜವೆಯಾಗುವುದಕ್ಕೂ ಆಯಾ ಬೀಜ ಕಾರಣ. ಈಶ್ವರ ಮಳೆಯಂತೆ, ಕರ್ಮ ಬೀಜದಂತೆ. ಉಪಮೆ ಸುಂದರವಾಗಿದೆ, ಆದರೆ ಅದು ಒಪ್ಪಿಕೊಳ್ಳುವುದು ಬಹಳ. ಮಳೆ ಬೀಜವನ್ನು ಆರಿಸುವುದಿಲ್ಲ. ಹಾಗಿದ್ದರೆ ಈಶ್ವರನ ಆಯ್ಕೆಗೆ ಉಳಿಯುವುದು ಸುರಿಯುವುದೋ ಬಿಡುವುದೋ ಎಂಬಷ್ಟೇ. ಅದ್ವೈತಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಏಕೆಂದರೆ ಸೃಷ್ಟಿಸುವ ಈಶ್ವರನೇ ಮಾಯೆಯ ಉಪಾಧಿಯೊಳಗಿರುವವನು. ಪರಮಾರ್ಥದಲ್ಲಿ ಸೃಷ್ಟಿಯೂ ಇಲ್ಲ, ಸ್ರಷ್ಟೃವೂ ಇಲ್ಲ. ಹೊಯ್ಸಳರ ಕಾಲದಲ್ಲಿ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರಿಗೆ ಆ ದಾರಿ ಒಪ್ಪಿತವಾಗಲಿಲ್ಲ. ಜೀವರೂ ಜಡವೂ ದೇವರಿಗೆ ಶರೀರವಿದ್ದಂತೆ ಎಂದರು ಅವರು. ಆಗ ಸಾಮಗ್ರಿ ಎಲ್ಲಿಂದ ಬಂತೆಂಬ ಪ್ರಶ್ನೆ ಬಗೆಹರಿಯುತ್ತದೆ. ಆ ಶರೀರಕ್ಕೆ ಆಗುವ ನೋವು ಒಳಗಿನವನಿಗೆ ಏಕೆ ತಾಕುವುದಿಲ್ಲ ಎಂಬ ಹೊಸ ಪ್ರಶ್ನೆ ಹುಟ್ಟುತ್ತದೆ.

ಮಧ್ವಾಚಾರ್ಯರ (1238–1317) ಉತ್ತರ ಇವೆಲ್ಲಕ್ಕಿಂತ ಧೈರ್ಯದ್ದು. ಅವರ ಮತದಲ್ಲಿ ಸ್ವತಂತ್ರ ತತ್ತ್ವ ಒಂದೇ, ವಿಷ್ಣು, ಉಳಿದುದೆಲ್ಲ ಪರತಂತ್ರ. ಹಾಗೆಂದು ಏನೂ ಇಲ್ಲದ ಕಡೆಯಿಂದ ಎಲ್ಲವನ್ನೂ ಹುಟ್ಟಿಸಿದನೆಂದು ಅವರು ಹೇಳುವುದಿಲ್ಲ. ಪ್ರಕೃತಿ ಅನಾದಿ, ಜೀವರು ಅನಾದಿ, ಒಬ್ಬೊಬ್ಬ ಜೀವನ ಯೋಗ್ಯತೆಯೂ ಅನಾದಿ. ಕುಂಬಾರ ಮಣ್ಣಲ್ಲದಿರುವಂತೆ ದೇವರು ನಿಮಿತ್ತಕಾರಣ ಮಾತ್ರ, ಉಪಾದಾನಕಾರಣನಲ್ಲ. ಇಷ್ಟಕ್ಕೇ ನಿಂತಿದ್ದರೆ ಜಿನಸೇನರ ಆಕ್ಷೇಪ ನೇರವಾಗಿ ತಗಲುತ್ತಿತ್ತು. ಮಧ್ವರು ಮುಂದಿನ ಹೆಜ್ಜೆಯಿಡುತ್ತಾರೆ: ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಎಲ್ಲವೂ ಇರುವುದೇ ಅವನ ಅನುಗ್ರಹದಿಂದ, ಅವನು ಉಪೇಕ್ಷಿಸಿದರೆ ಅವು ಇಲ್ಲ. ಆದ್ದರಿಂದ ಕರ್ಮವನ್ನು ನೋಡಿ ಫಲ ಕೊಡುವುದು ಅವನ ಮೇಲೆ ಯಾರೋ ಹೇರಿದ ಕಟ್ಟಳೆಯಲ್ಲ, ತಾನೇ ಹಾಕಿಕೊಂಡ ನಿಯಮ. ಮಿತಿ ಹೊರಗಿನಿಂದ ಬಂದರೆ ಅದು ಕೊರತೆ, ತಾನೇ ಒಪ್ಪಿದರೆ ಅದು ವ್ರತ ಎಂಬ ಭೇದವನ್ನು ಇಷ್ಟು ಸ್ಪಷ್ಟವಾಗಿ ಕಂಡದ್ದು ಮಧ್ವಮತದ ದೊಡ್ಡ ಸಾಧನೆ. ಜಯತೀರ್ಥರ ನ್ಯಾಯಸುಧಾ, ವ್ಯಾಸತೀರ್ಥರ ನ್ಯಾಯಾಮೃತದಂಥ ಗ್ರಂಥಗಳು ಈ ಸ್ವಾತಂತ್ರ್ಯ–ಪಾರತಂತ್ರ್ಯದ ತಳಹದಿಯ ಮೇಲೆಯೇ ನಿಂತಿವೆ. ಆದರೂ ಇಲ್ಲೊಂದು ಗಂಟು ಬಿಚ್ಚದೆ ಉಳಿಯುತ್ತದೆ. ಈ ಮತ ಜೀವರನ್ನು ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯ ಎಂದು ಮೂರು ಬಗೆ ಮಾಡಿ, ಕೊನೆಯವರಿಗೆ ಬಿಡುಗಡೆಯೇ ಇಲ್ಲವೆನ್ನುತ್ತದೆ. ಆ ಯೋಗ್ಯತೆಯನ್ನು ದೇವರು ಬದಲಿಸಬಲ್ಲ, ಆದರೆ ಬದಲಿಸುವುದಿಲ್ಲ ಎಂಬುದು ಸಂಪ್ರದಾಯದ ನಿಲುವು. ಬದಲಿಸಲಾರ ಎಂದಿದ್ದರೆ ಶಕ್ತಿಯ ಪ್ರಶ್ನೆ ಮಾತ್ರ ಇರುತ್ತಿತ್ತು. ಬದಲಿಸುವುದಿಲ್ಲ ಎಂದಾಗ ಕರುಣೆಯ ಪ್ರಶ್ನೆ ಮೊದಲಿಗಿಂತ ತೀಕ್ಷ್ಣವಾಗಿ ಹಿಂತಿರುಗುತ್ತದೆ. ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಉಳಿಸಿಕೊಂಡದ್ದಕ್ಕೆ ಮಧ್ವಮತ ತೆತ್ತ ಬೆಲೆ ಇದು, ಅದನ್ನು ಅದು ಮುಚ್ಚಿಡಲಿಲ್ಲ.

ಕರ್ಮವನ್ನು ಕರ್ತೃವಿನ ಮಿತಿಯಾಗಿ ಒಪ್ಪುವುದರಲ್ಲಿ ತರ್ಕಕ್ಕಿಂತ ದೊಡ್ಡ ತೊಡಕಿದೆ. ಕರ್ಮ ಅನಾದಿ ಎಂದರೆ ಮೊದಲ ಅಸಮತೆಗೆ ಕಾರಣ ಹುಡುಕುವ ಕೆಲಸ ತಪ್ಪುತ್ತದೆ, ಅದು ಸರಿ. ಆದರೆ ಹೀಗೆ ದೇವರ ಹೊಣೆಯನ್ನು ಇಳಿಸಿದಾಗ ಆ ಹೊರೆ ಬೀಳುವುದು ನೋವುಣ್ಣುವವನ ಹೆಗಲಿಗೇ. ಕೆಳಜಾತಿಯಲ್ಲಿ ಹುಟ್ಟಿದ್ದು, ಬಡತನ, ಅಂಗವೈಕಲ್ಯ ಎಲ್ಲಕ್ಕೂ ಅವರವರ ಹಿಂದಿನ ಜನ್ಮವೇ ಕಾರಣವೆಂಬ ಮಾತು ಶತಮಾನಗಳ ಕಾಲ ಈ ನಾಡಿನಲ್ಲಿ ಬಳಕೆಯಾದ ರೀತಿಯನ್ನು ನೋಡಿದರೆ, ಇದನ್ನು ಬರೀ ತತ್ತ್ವದ ಮಾತೆಂದು ಬಿಡಲಾಗುವುದಿಲ್ಲ. 12ನೆಯ ಶತಮಾನದ ಶರಣರ ಕೊಡುಗೆಯನ್ನು ಇಲ್ಲಿ ನೆನೆಯಬೇಕು. ಅವರು ಹುಟ್ಟಿನ ಶ್ರೇಣಿಯನ್ನು ಒಪ್ಪಲಿಲ್ಲ; ಕರ್ತೃವಿನ ಮಿತಿಯನ್ನು ಬೇರೆಯೇ ಕಡೆ ಹುಡುಕಿದರು. ಆಯ್ದಕ್ಕಿ ಮಾರಯ್ಯನ ವಚನದ ನಿಲುವಿನಂತೆ ಕಾಯಕದ ಕಟ್ಟಿನಿಂದ ಅವನ ಇಷ್ಟದೈವ ಅಮರೇಶ್ವರಲಿಂಗಕ್ಕೂ ಬಿಡುವಿಲ್ಲ. ದೇವರನ್ನು ಮೇಲಿನಿಂದ ನಿಯಮ ಹಾಕುವ ಒಡೆಯನ ಜಾಗದಿಂದ ಇಳಿಸಿ, ದುಡಿಯುವವರಿಗಿರುವ ನಿಯಮವನ್ನೇ ಅವನಿಗೂ ಅನ್ವಯಿಸಿದ ಈ ಆಲೋಚನೆಗೆ ಸಮನಾದದ್ದು ಬೇರೆಡೆ ಸುಲಭವಾಗಿ ಕಾಣಸಿಗದು. ಜನಪದರು ಇನ್ನೂ ಮುಂದೆ ಹೋದರು. ಮಲೆ ಮಾದೇಶ್ವರನ ಕಾವ್ಯದ ಸೃಷ್ಟಿಕಥೆಯಲ್ಲಿ ಆದಿಶಕ್ತಿ ತಾನಾಗಿ ಹುಟ್ಟುತ್ತಾಳೆ, ಆದರೆ ಒಂಟಿಯಾಗಿ ಇರಲಾರಳು. ಬ್ರಹ್ಮ, ವಿಷ್ಣುಗಳನ್ನು ಹುಟ್ಟಿಸಿ ತನ್ನನ್ನು ಕೂಡೆಂದು ಕೇಳುತ್ತಾಳೆ. ನೀನು ತಾಯಿ ಎಂದು ನಿರಾಕರಿಸಿದವರನ್ನು ಸುಟ್ಟು ಬೂದಿ ಮಾಡುತ್ತಾಳೆ. ಮೂರನೆಯವನಾದ ಶಿವ ಅವಳ ಶಕ್ತಿಯನ್ನೇ ಉಪಾಯದಿಂದ ಪಡೆದು ಅವಳನ್ನು ಗೆಲ್ಲುತ್ತಾನೆ. ಇಲ್ಲಿ ಸೃಷ್ಟಿಸುವವಳಿಗೆ ಆಸೆಯಿದೆ, ಕೋಪವಿದೆ, ಮೋಸ ಹೋಗುವ ಸಾಧ್ಯತೆಯೂ ಇದೆ. ತಾನು ಮಾಡಿದ್ದು ತನ್ನ ಮಾತು ಕೇಳಲೇಬೇಕೆಂದಿಲ್ಲ ಎಂಬ ಮಿತಿಯನ್ನು ಶಾಸ್ತ್ರಕಾರರಿಗಿಂತ ಈ ಕಾವ್ಯವನ್ನು ಹಾಡುವ ಕಂಸಾಳೆಯವರು ಚೆನ್ನಾಗಿ ಬಲ್ಲರು.

ಹಲಸೂರಿನ ಸೋಮೇಶ್ವರ ದೇವಾಲಯ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ, ದಂಡು ಪ್ರದೇಶದ ಮಸೀದಿಗಳು ಹೊಸ ತಿಪ್ಪಸಂದ್ರದಿಂದ ಕೆಲವೇ ಕಿಲೋಮೀಟರು ದೂರದಲ್ಲಿವೆ. ಈ ಪುಟ್ಟ ವಲಯದಲ್ಲಿ ಪ್ರಪಂಚದ ಉಳಿದ ಉತ್ತರಗಳೂ ನೆಲೆಯೂರಿವೆ. ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳ ಪ್ರಧಾನ ಧಾರೆ ಸೃಷ್ಟಿಗೆ ಮುಂಚಿನ ಸಾಮಗ್ರಿಯನ್ನೇ ಒಪ್ಪುವುದಿಲ್ಲ. ಹಾಗಾಗಿ ಮಣ್ಣು ಸರಿಯಿಲ್ಲವೆಂದು ಕುಂಬಾರ ಹೇಳುವಂತೆ ಅಲ್ಲಿ ಹೇಳಲಾಗದು. ಪ್ಲೇಟೊ ತನ್ನ ಟಿಮೇಯಸ್‌ನಲ್ಲಿ ಕಲ್ಪಿಸಿದ ಶಿಲ್ಪಿದೇವರಿಗೆ ಮಾತ್ರ ಆ ನೆಪವಿತ್ತು. ಇಸ್ಲಾಮಿನೊಳಗೆ ಮುಅತಜಿಲಾ ಪಂಥದವರು ದೇವರು ನ್ಯಾಯಕ್ಕೆ ಬದ್ಧನೆಂದರು. ಅಶ್ಅರಿ ಪಂಥದವರು ಅವನು ಮಾಡಿದ್ದೇ ನ್ಯಾಯವೆಂದರು. 1710ರಲ್ಲಿ ಲೈಬ್‌ನಿಜ್, ಸಾಧ್ಯವಿದ್ದ ಜಗತ್ತುಗಳಲ್ಲೆಲ್ಲ ಉತ್ತಮವಾದುದನ್ನೇ ದೇವರು ಆರಿಸಿದ್ದಾನೆ ಎಂದು ಪ್ರತಿಪಾದಿಸಿದ. 1755ರ ಲಿಸ್ಬನ್ ಭೂಕಂಪದ ನಂತರ ವೋಲ್ಟೇರ್ ಅದನ್ನು ಕಾಂಡೀಡ್ ಕಾದಂಬರಿಯಲ್ಲಿ ಹಳಿದ. ಹಳಿಯುವುದು ಸುಲಭ. ಆದರೆ ಲೈಬ್‌ನಿಜ್ ಹೇಳಿದ್ದರಲ್ಲಿ ಉಳಿಯುವಂಥದೊಂದು ಇದೆ: ಒಳ್ಳೆಯ ಸಂಗತಿಗಳೆಲ್ಲ ಒಂದೇ ಜಗತ್ತಿನಲ್ಲಿ ಜೊತೆಯಾಗಿ ಇರಲಾರವು. ಜಗತ್ತನ್ನು ಬೇರೆ ರೀತಿ ಮಾಡುವ ಆಯ್ಕೆ ದೇವರಿಗಿತ್ತೇ ಎಂದು ಐನ್‌ಸ್ಟೈನ್ ತಮ್ಮ ಸಹಾಯಕ ಅರ್ನ್ಸ್ಟ್ ಸ್ಟ್ರೌಸ್ ಮುಂದೆ ಚಿಂತಿಸಿದ್ದೂ ಇದೇ ದಿಕ್ಕಿನಲ್ಲಿ.

ಈ ಜೊತೆಯಾಗಿರಲಾರದ ಗುಣಗಳಿಗೆ ಕರ್ನಾಟಕದಲ್ಲೇ ಒಂದು ಗಂಭೀರ ಸಾಕ್ಷ್ಯವಿದೆ. ಚಾಮರಾಜನಗರ, ಮೈಸೂರು, ಕೊಡಗು ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಕಂಡುಬರುತ್ತದೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಸಣ್ಣ ಬದಲಾವಣೆ ಇದಕ್ಕೆ ಕಾರಣ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಆ ಜೀನ್ ಬಂದರೆ ಅದು ತೀವ್ರ ಮಲೇರಿಯಾದಿಂದ ಮಗುವನ್ನು ಕಾಯುತ್ತದೆ. ಇಬ್ಬರಿಂದಲೂ ಬಂದರೆ ರಕ್ತಕಣಗಳು ಕುಡುಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ನೋವು ಕೊಡುತ್ತವೆ. ಇಬ್ಬರೂ ಒಂದೊಂದು ಜೀನ್ ಹೊತ್ತಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾಯುವುದೂ ಕೊಲ್ಲುವುದೂ ಒಂದೇ ಜೀನ್. ಇದಕ್ಕೆ ಬರುವ ಆಕ್ಷೇಪ ಸಹಜವಾದದ್ದೇ: ಎಂಜಿನಿಯರು ನಿಯಮಗಳ ಒಳಗೆ ದುಡಿಯುವವನು, ದೇವರು ನಿಯಮಗಳನ್ನೇ ಮಾಡುವವನು, ಮಲೇರಿಯಾ ಇಲ್ಲದ ಲೋಕವನ್ನೇ ಅವನು ಮಾಡಬಹುದಿತ್ತಲ್ಲ? ಅಘಟಿತವನ್ನು ಘಟಿಸುವ ಅಚಿಂತ್ಯ ಶಕ್ತಿ ಅವನಿಗಿದೆಯಲ್ಲ? ಮಾಡಬಹುದಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ಮಾಡಿದ ನಿಯಮಗಳು ಒಂದಕ್ಕೊಂದು ಹೊಂದಿರಬೇಕು, ಮತ್ತು ಹೊಂದಿಕೆಯೇ ಒಂದು ಮಿತಿ. ತಲೆಮಾರಿನಿಂದ ತಲೆಮಾರಿಗೆ ಜೀನ್ ನಕಲಾಗುವಾಗ ತಪ್ಪಿಗೆ ಎಡೆಯಿಲ್ಲದಿದ್ದರೆ ಈ ಕಾಯಿಲೆ ಇರುತ್ತಿರಲಿಲ್ಲ. ಜೀವವೈವಿಧ್ಯವೂ, ಈ ಪ್ರಶ್ನೆ ಕೇಳುವ ಮನುಷ್ಯನೂ ಇರುತ್ತಿರಲಿಲ್ಲ. ಹೊಂದಿಕೆಯೂ ಬೇಡ, ಬೆಂಕಿ ಅಡುಗೆಗೆ ಸುಟ್ಟು ಕೈಗೆ ಸುಡದಿರಲಿ ಎಂದರೆ ಆಗ ಬೆಂಕಿಗೆ ಸ್ವಭಾವವೇ ಇಲ್ಲ, ಕ್ಷಣಕ್ಷಣದ ಇಚ್ಛೆ ಮಾತ್ರ ಇದೆ. ಅಂಥ ಲೋಕದಲ್ಲಿ ಯಾರೂ ಏನನ್ನೂ ಕಲಿಯಲಾರರು, ಯಾರೂ ಯಾವುದಕ್ಕೂ ಹೊಣೆಯಾಗಲಾರರು. ಇಷ್ಟು ಹೇಳಿದ ಮೇಲೂ ಒಂದು ಮಾತನ್ನು ಬಿಡುವಂತಿಲ್ಲ. ಈ ಉತ್ತರ ಜಗತ್ತಿನಲ್ಲಿ ನೋವೇಕಿದೆ ಎಂಬುದನ್ನು ವಿವರಿಸುತ್ತದೆ. ಕಾಯಿಲೆ ಬಂದ ಆ ಮಗುವಿಗೇ ಏಕೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ, ಕರ್ಮಸಿದ್ಧಾಂತ ಜನರ ಮನಸ್ಸಿನಲ್ಲಿ ಇಷ್ಟು ಕಾಲ ಉಳಿದಿರುವುದು ಈ ಪ್ರಶ್ನೆಯನ್ನು ಅದಾದರೂ ಕೈಗೆತ್ತಿಕೊಂಡದ್ದರಿಂದ.

ಆಧುನಿಕ ಕನ್ನಡದಲ್ಲಿ ಈ ಚರ್ಚೆ ಶಾಸ್ತ್ರದ ಹೊರಗೆ ಬೆಳೆಯಿತು. 1943ರಲ್ಲಿ ಪ್ರಕಟವಾದ ಡಿ.ವಿ. ಗುಂಡಪ್ಪನವರ ಮಂಕುತಿಮ್ಮನ ಕಗ್ಗ ಅದನ್ನು ಮನೆಮನೆಗೆ ಒಯ್ದಿತು. ಶಿವರಾಮ ಕಾರಂತರ ಮೂಕಜ್ಜಿಯ ಕನಸುಗಳು ಪ್ರಶ್ನೆಯನ್ನೇ ತಿರುಗಿಸಿ, ದೇವರುಗಳ ಆಕಾರ ಮನುಷ್ಯರ ಕಾಲಕಾಲದ ಆಯ್ಕೆ ಮತ್ತು ಮಿತಿಗಳಿಂದ ಆದದ್ದೆಂದು ತೋರಿಸಿತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಚರ್ಚೆಯ ಇನ್ನೊಂದು ಮುಖ ಬೀದಿಗೆ ಬಂತು: ನಿಯಮ ಮಾಡಿದವನು ನಡುವೆ ಕೈಹಾಕುತ್ತಾನೆಯೇ? ಕೈಹಾಕುತ್ತಾನೆ ಎಂದರೆ, ಒಂದು ಮನೆಗೆ ಪವಾಡ ಮಾಡಿ ಪಕ್ಕದ ಮನೆಯನ್ನು ಬಿಟ್ಟದ್ದೇಕೆ ಎಂದು ಕೇಳಬೇಕಾಗುತ್ತದೆ. ಕೈಹಾಕುವುದಿಲ್ಲ ಎಂದರೆ ಪ್ರಾರ್ಥನೆಯ ಗತಿಯೇನೆಂಬ ಪ್ರಶ್ನೆ ಬರುತ್ತದೆ. ತಾನು ಮಾಡಿದ್ದರಿಂದ ಕೈ ಹಿಂತೆಗೆಯುವ ಕರ್ತೃವನ್ನು ಊಹಿಸಲು ಮತ್ತೆ ವಿಮಾನಪುರದ ಕೇಂದ್ರದತ್ತ ನೋಡಬಹುದು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕಕ್ಷೆ ಸೇರುವಾಗ ಸಂಕೇತವೊಂದು ಅಲ್ಲಿಂದ ಇಲ್ಲಿಗೆ ಬರಲು ಸುಮಾರು 12 ನಿಮಿಷ ಬೇಕಿತ್ತು. ಅಲ್ಲಿ ಏನಾದರೂ ತಪ್ಪಿದರೆ ತಿಳಿಯುವ ಹೊತ್ತಿಗೆ ತಿದ್ದುವ ಕಾಲ ಮೀರಿರುತ್ತಿತ್ತು. ಅದಕ್ಕಾಗಿ ಆಜ್ಞೆಗಳನ್ನೆಲ್ಲ ಮೊದಲೇ ನೌಕೆಯ ಗಣಕಕ್ಕೆ ತುಂಬಿ, ಮುಂದಿನದನ್ನು ಅದರ ವಿವೇಚನೆಗೆ ಬಿಟ್ಟಿದ್ದರು. ಸುಮಾರು ಹತ್ತು ತಿಂಗಳು ಸುಮ್ಮನಿದ್ದ ಎಂಜಿನ್ ಸುಮಾರು 24 ನಿಮಿಷ ಉರಿಯಿತು. ನಡುವೆ ನೌಕೆ ಮಂಗಳದ ಮರೆಗೂ ಹೋಯಿತು. ಮಾಡಿದವರು ಕಾಯುತ್ತ ಕುಳಿತರು. ಸ್ವಯಂ ಮಿತಿ ಹಾಕಿಕೊಂಡ ಕರ್ತೃವಿಗೆ ಇದಕ್ಕಿಂತ ಹತ್ತಿರದ ಮಾದರಿ ಸಿಗಲಾರದು, ಒಂದು ವ್ಯತ್ಯಾಸ ಬಿಟ್ಟರೆ. ಮಂಗಳಯಾನ ಆ ದಿನ ತಪ್ಪಿಹೋಗಿದ್ದರೆ ನೋಯುತ್ತಿದ್ದವರು ಅದನ್ನು ಮಾಡಿದವರು, ನೌಕೆಗೆ ನೋವಿರಲಿಲ್ಲ.